ಅಮ್ಮಿಯ ಬೆರಳು, ಭಾಯಿಯ ಕಪ್

2025ರ ರಮ್ಜಾನ್ ನಮ್ಮ ಭಾಯಿಗೆ ಜಪಾನಿನಲ್ಲಿ ಮೊದಲ ರಮ್ಜಾನ್. ಕಾರ್ಖಾನೆ ಕೆಲಸ, ಒಂದೇ ಕೋಣೆ, ಒಂದು ಪುಟ್ಟ ಕರೆಂಟ್ ಕುಕ್ಕರ್. ಸಹರಿಗೆ ಅನ್ನ ತಾನೇ ಮಾಡಿಕೊಳ್ಳಬೇಕು. ಅಮ್ಮಿ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟರು: "ಅಕ್ಕಿಯ ಮೇಲೆ ಬೆರಳಿಡು ಬೇಟಾ, ಎರಡನೇ ಗೆರೆ ಮುಳುಗುವಷ್ಟು ನೀರು ಹಾಕು."

ಮೊದಲ ದಿನ ಗಂಜಿಯಾಯಿತು. ಎರಡನೇ ದಿನವೂ ಗಂಜಿ. ಮೂರನೇ ದಿನ ಅವನು ಬರೀ ಬ್ರೆಡ್ಡು, ಖರ್ಜೂರ ತಿಂದು ರೋಜಾ ಇಟ್ಟ. ಅದನ್ನು ಕೇಳಿ ಅಮ್ಮಿ ಅಡುಗೆಮನೆಗೆ ಹೋಗಿ ಅತ್ತರು.

ಆಗ ಅಲ್ಲಿ 5 ಕೆ.ಜಿ. ಅಕ್ಕಿಗೆ ಸುಮಾರು 4,000 ಯೆನ್. ಒಂದು ಕಪ್ ಅಕ್ಕಿ ಹಾಳಾದರೆ ನಮ್ಮ ಲೆಕ್ಕದಲ್ಲಿ 70 ರೂಪಾಯಿ ಹೋದಂತೆ. ಕಾಮರ್ಸ್ ಓದುವವಳು ನಾನು, ಈ ಲೆಕ್ಕ ನನಗೆ ನಿದ್ದೆ ಕೊಡಲಿಲ್ಲ.

ಜೊತೆಗೆ ಕೆಲಸ ಮಾಡುವ ಜಪಾನಿ ಅಂಕಲ್ ಒಬ್ಬರು ಭಾಯಿಗೆ ಸರಿಯಾದ ಅಳತೆ ತೋರಿಸಿದರು. ಕುಕ್ಕರಿನ ಜೊತೆ ಬರುವ ಕಪ್ 180 ಮಿ.ಲೀ. ಅದು ಅಲ್ಲಿನ ಹಳೆಯ ಅಳತೆ, ಹೆಸರು 'ಗೋ'. ಹತ್ತು ಗೋ ಸೇರಿದರೆ ಒಂದು 'ಶೋ', ನಮ್ಮ ಪಾವು-ಸೇರಿನ ಹಾಗೆ. ಒಂದು ಗೋ ಅಕ್ಕಿ ಸುಮಾರು 150 ಗ್ರಾಂ. ಅದಕ್ಕೆ ಬೇಕಾದ ನೀರು ಬರೀ 200 ಮಿ.ಲೀ.! ಕುಕ್ಕರಿನ ಒಳಪಾತ್ರೆಯಲ್ಲಿ 1, 2, 3 ಎಂದು ಗೆರೆಗಳಿವೆ. ಎಷ್ಟು ಕಪ್ ಅಕ್ಕಿಯೋ ಅಷ್ಟನೇ ಗೆರೆಗೆ ನೀರು.

ಅಮ್ಮಿ ನಂಬಲಿಲ್ಲ. ಸೋನಾ ಮಸೂರಿಗೆ ನಾವು ಎರಡರಷ್ಟು ಹಾಕುತ್ತೇವಲ್ಲ. ಭಾಯಿ ವಿವರಿಸಿದ. ಅಲ್ಲಿನ ಅಕ್ಕಿ ಗಿಡ್ಡ, ದುಂಡು, ಅಂಟು. ಮೂರು-ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಬೇಕು, ಚಳಿಗಾಲದಲ್ಲಿ ಒಂದು ಗಂಟೆ. ಕಾಳು ಮೊದಲೇ ನೀರು ಕುಡಿದಿರುತ್ತದೆ. ಬೆಂದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ಹೊಸ ಅಕ್ಕಿಯಾದರೆ ನೀರು ಇನ್ನೂ ಸ್ವಲ್ಪ ಕಡಿಮೆ. ಇದಕ್ಕೆ ಮಾತ್ರ ಅಮ್ಮಿ ತಲೆಯಾಡಿಸಿದರು, "ಇದು ಇಲ್ಲೂ ಹಾಗೇ."

ಆದರೂ ಅಮ್ಮಿಯ ಅಂದಾಜು ತಪ್ಪಿದ್ದು ನನಗೆ ಒಪ್ಪಿಗೆಯಾಗಲಿಲ್ಲ. (ಉರ್ದುವಿನಲ್ಲೂ ಅದು 'ಅಂದಾಜ್', ಅಮ್ಮಿಗೆ ಎರಡೂ ಭಾಷೆಯಲ್ಲಿ ಹೆಮ್ಮೆಯ ಪದ.) ಒಂದು ಭಾನುವಾರ ಲೋಟ ಹಿಡಿದು ಕೂತೆ. ನಮ್ಮ ದೊಡ್ಡ ಪಾತ್ರೆಗೆ 5 ಲೋಟ ಅಕ್ಕಿ ಹಾಕಿ ಅಮ್ಮಿಯ ಬೆರಳಿನ ಅಳತೆಗೆ ನೀರು ಸುರಿದರೆ ಸುಮಾರು 10 ಲೋಟ ಹಿಡಿಯಿತು. ಸರಿಯಾಗಿ ಎರಡರಷ್ಟು! ಅದೇ ಪಾತ್ರೆಗೆ 1 ಲೋಟ ಅಕ್ಕಿ ಹಾಕಿದರೆ? ಬೆರಳು 9 ಲೋಟ ನೀರು ಕೇಳಿತು. ಅಕ್ಕಿ ಕಡಿಮೆಯಾದರೂ ಬೆರಳಿನ ಉದ್ದ ಕಡಿಮೆಯಾಗುವುದಿಲ್ಲವಲ್ಲ. ಗಂಜಿ ಆಗದೆ ಇನ್ನೇನಾಗುತ್ತದೆ?

ಲೆಕ್ಕ ತೋರಿಸಿದಾಗ ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಬ್ಬರಿಗೆ ಅಂತ ನಾನು ಯಾವತ್ತೂ ಅನ್ನ ಮಾಡಿಲ್ಲ" ಎಂದರು.

ಈಗ ಭಾಯಿಯ ಅನ್ನ ಚೆನ್ನಾಗಿ ಆಗುತ್ತಿದೆ, ಫೋಟೋ ಕಳಿಸುತ್ತಾನೆ. ಇನ್ನೊಂದು ವಿಷಯ ನನಗೆ ಆ ಭಾನುವಾರವೇ ಹೊಳೆಯಿತು. ಭಾಯಿ ಹೋದ ಮೇಲೆ ಅಮ್ಮಿ ಐದರ ಬದಲು ನಾಲ್ಕು ಲೋಟ ಅಕ್ಕಿ ಹಾಕುತ್ತಿದ್ದರು, ಪಾತ್ರೆ ಅದೇ, ಬೆರಳೂ ಅದೇ. ಅಷ್ಟು ತಿಂಗಳೂ ನಮ್ಮ ಮನೆಯ ಅನ್ನ ಮೆತ್ತಗಾಗಿತ್ತು. ನಾವ್ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.