ಕ್ಯೂ ತೋಟದಲ್ಲಿ ತಾವರೆಯ ನೆಂಟರು

ಲಂಡನ್ನಿನ ನೈರುತ್ಯಕ್ಕೆ, ಥೇಮ್ಸ್ ನದಿಯ ದಂಡೆಯಲ್ಲಿ ಕ್ಯೂ ಸಸ್ಯೋದ್ಯಾನವಿದೆ. ಅದರೊಳಗೆ 2019ರಲ್ಲಿ ತೆರೆದ ‘ಅಗಿಯಸ್ ವಿಕಾಸ ಉದ್ಯಾನ’ ಮೇಲುನೋಟಕ್ಕೆ ಬರಿಯ ಹೂದೋಟ. ಆದರೆ ಇಲ್ಲಿ ಗಿಡಗಳು ನಿಂತಿರುವುದು ಬಣ್ಣ, ಎತ್ತರ ನೋಡಿಕೊಂಡಲ್ಲ. ಡಿಎನ್‌ಎ ಹೇಳಿದ ನೆಂಟಸ್ತನದಂತೆ.

ಹಿಂದೆ ಇಲ್ಲಿದ್ದ ಪಾತಿಗಳು ಬೆಂಥಮ್ ಮತ್ತು ಹೂಕರ್ ಪದ್ಧತಿಯವು. ನಮ್ಮ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರಿಗೆಲ್ಲ ಈ ಜೋಡಿ ಪರಿಚಿತ. 1862ರಿಂದ 1883ರವರೆಗೆ ದುಡಿದು ಅವರು ಎಸಳು, ಕೇಸರ, ಅಂಡಾಶಯಗಳನ್ನು ನೋಡಿ ಹೂಗಿಡಗಳನ್ನು ವಿಂಗಡಿಸಿದರು. ಆದರೆ ರೂಪ ಕೆಲವೊಮ್ಮೆ ಮೋಸ ಮಾಡುತ್ತದೆ. ಒಂದೇ ಬಗೆಯ ನೆಲೆಯಲ್ಲಿ ಬಾಳುವ ಬೇರೆ ಬೇರೆ ಕುಲದ ಗಿಡಗಳು ಒಂದೇ ವೇಷ ತೊಡಬಹುದು.

ರಸಾಯನಶಾಸ್ತ್ರ ಇನ್ನೊಂದು ಸುಳಿವು ಕೊಟ್ಟಿತು. ಸಾಸಿವೆಯ ಘಾಟಿಗೆ ಕಾರಣ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತು. ಪಪ್ಪಾಯಿ ಬೀಜದಲ್ಲೂ ನುಗ್ಗೆಯಲ್ಲೂ ಇದೇ ಗುಂಪಿನ ವಸ್ತುಗಳಿವೆ. ಹೂ, ಕಾಯಿ ಯಾವುದರಲ್ಲೂ ಹೋಲದ ಈ ಮೂರನ್ನು ಹಳೆಯ ಪದ್ಧತಿ ದೂರ ದೂರ ಇಟ್ಟಿತ್ತು. ಇಂಥ ಗಿಡಗಳೆಲ್ಲ ಒಂದೇ ಗಣದವೆಂದು ಸ್ವೀಡನ್ನಿನ ರಾಲ್ಫ್ ಡಾಲ್‌ಗ್ರೆನ್ 1970ರ ದಶಕದಲ್ಲೇ ವಾದಿಸಿದರು.

ತೀರ್ಪು ಬಂದದ್ದು ಜೀನ್‌ಗಳಿಂದ. ದ್ಯುತಿಸಂಶ್ಲೇಷಣೆಗೆ ಬೇಕಾದ ಕಿಣ್ವವೊಂದರ ಜೀನನ್ನು ಸುಮಾರು 500 ಸಸ್ಯಗಳಲ್ಲಿ ಹೋಲಿಸಿದ ಪ್ರಬಂಧ 1993ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕ ಕ್ಯೂನ ಮಾರ್ಕ್ ಚೇಸ್; ಜೊತೆಗೆ 41 ಮಂದಿ. ಸಾಸಿವೆ, ನುಗ್ಗೆ, ಪಪ್ಪಾಯಿ ಒಂದೇ ಗಣದವೆಂದು ಜೀನ್‌ಗಳೂ ಸಾಕ್ಷಿ ನುಡಿದವು. ಆದರೆ ಅದೇ ವಸ್ತುವುಳ್ಳ ಪುತ್ರಂಜೀವ ಮರ ಮಾತ್ರ ಹರಳಿನ ಗಣಕ್ಕೆ ಸೇರಿತು! ಒಂದೇ ರಾಸಾಯನಿಕ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿತ್ತು. ಘಾಟೊಂದನ್ನೇ ನಂಬಿ ಕುಲ ಹೇಳುವಂತಿಲ್ಲ ಎಂಬುದಕ್ಕೆ ಇದೇ ಪಾಠ.

ಎಲ್ಲಕ್ಕಿಂತ ಬೆರಗು ತಾವರೆಯದು. ನೈದಿಲೆಯ ಒಡಹುಟ್ಟೆಂದು ಎಣಿಸಿದ್ದ ಅದು ಡಿಎನ್‌ಎ ಪ್ರಕಾರ ಸಿಲ್ವರ್ ಓಕ್ ಗಣದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳು ಕೊಡುವ ಮರಕ್ಕೂ ಕೆರೆಯ ತಾವರೆಗೂ ನೆಂಟಸ್ತನ!

1998ರಲ್ಲಿ ವಿಜ್ಞಾನಿಗಳ ತಂಡವೊಂದು ಹೊಸ ವರ್ಗೀಕರಣ ಹೊರತಂದಿತು. 2016ರ ನಾಲ್ಕನೆಯ ಆವೃತ್ತಿಯಲ್ಲಿ 64 ಗಣಗಳು, 416 ಕುಟುಂಬಗಳಿವೆ. ಇದು ಹೆಸರು ಬದಲಿಸುವ ಆಟವಲ್ಲ. ನಿಜವಾದ ನೆಂಟರು ಯಾರೆಂದು ತಿಳಿದರೆ, ಒಂದು ಗಿಡದಲ್ಲಿ ಸಿಕ್ಕ ಔಷಧಿಯ ಗುಣವನ್ನು ಮತ್ತೆ ಯಾವುದರಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.

ಕ್ಯೂಗೆ ಹೋಗಲಾಗದ ವಿದ್ಯಾರ್ಥಿಗಳು ಬೇಸರಪಡಬೇಕಿಲ್ಲ. ನುಗ್ಗೆಕಾಯಿ ಸಾರಿಗೆ ಅಮ್ಮ ಸಾಸಿವೆ ಒಗ್ಗರಣೆ ಹಾಕುವಾಗ ಒಮ್ಮೆ ಇಣುಕಿದರಾಯಿತು. ಒಂದೇ ಗಣದ ಇಬ್ಬರು ಅಲ್ಲೇ ಸಿಗುತ್ತಾರೆ.