ಮಾವನ ವಾಲ್ವು, ಮಗನ ಪೆಟ್ಟಿಗೆ

ಶಿವಪುರವೆಂದರೆ 1938ರ ಧ್ವಜ ಸತ್ಯಾಗ್ರಹದ ಊರು, ಗಿಟಾರಿಗೆ ಹೆಸರಾದುದಲ್ಲ. ಆದರೂ ಅಲ್ಲಿರುವ ನನ್ನ ಸೋದರಮಾವನವರ ನಡುಮನೆಯಲ್ಲಿ ವಾಲ್ವುಗಳ ಗಿಟಾರ್ ಆಂಪ್ಲಿಫೈಯರ್ ಒಂದುಂಟು. ಯೌವನದಲ್ಲಿ ಬೆಂಗಳೂರಿನ ವಾದ್ಯಗೋಷ್ಠಿಗಳಲ್ಲಿ ನುಡಿಸಿದವರು ಅವರು. ಅದರೊಳಗಿನ ಕೆಲವು ವಾಲ್ವುಗಳು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಗಿತ್ತು. ಅದು ನಿಂತು ಬಹಳ ಕಾಲವಾದುದರಿಂದ ಮಾವ ಅವನ್ನು ಬಂಗಾರದಂತೆ ಕಾಯುತ್ತಾರೆ.

ಬೇಸಿಗೆ ರಜೆಯಲ್ಲಿ ನನ್ನ ಮಗ ಡಿಜಿಟಲ್ ಮಾಡೆಲರ್ ಒಂದನ್ನು ಹೊತ್ತು ಬಂದ. ಹತ್ತಾರು ಆಂಪ್ಲಿಫೈಯರುಗಳ ದನಿಯನ್ನು ಬರಿಯ ಲೆಕ್ಕಾಚಾರದಿಂದಲೇ ಅನುಕರಿಸುವ ಪೆಟ್ಟಿಗೆ ಅದು. ಮಾವನ ಯಂತ್ರದ ಮುಂದಿನ ತೂತಿಗೆ ಅದನ್ನು ಸಿಕ್ಕಿಸಿದಾಗ, ಯಾರೋ ಕಂಬಳಿ ಹೊದ್ದು ಹಾಡಿದಂತಾಯಿತು. ಆಶ್ಚರ್ಯವೇನು? ನಕಲಿ ಆಂಪ್ಲಿಫೈಯರಿನ ಮೇಲೆ ಅಸಲಿ, ನಕಲಿ ಸ್ಪೀಕರಿನ ಮೇಲೆ ಅಸಲಿ; ಒಗ್ಗರಣೆಯಾದ ಸಾರಿಗೆ ಮತ್ತೊಂದು ಒಗ್ಗರಣೆ!

"ಹಿಂದ್ಗಡೆ 'ರಿಟರ್ನ್' ಅಂತ ಐತಲ್ಲ ಮಗಾ, ಅಲ್ಲಿಗೆ ಹಾಕು" ಎಂದರು ಮಾವ. ಹಾಗೆ ಮಾಡಿದರೆ ದನಿಯು ಮುಂಭಾಗದ ವಾಲ್ವುಗಳನ್ನು ತಪ್ಪಿಸಿಕೊಂಡು, ಅದಕ್ಕೆ ಬಲ ತುಂಬುವ ದೊಡ್ಡ ವಾಲ್ವುಗಳನ್ನೇ ಸೇರುತ್ತದೆ. ಮಗ ಪೆಟ್ಟಿಗೆಯೊಳಗಿನ ಸ್ಪೀಕರ್ ಅನುಕರಣೆಯನ್ನೂ ನಿಲ್ಲಿಸಿದ. ನಾದ ತಿಳಿಯಾಯಿತು.

ರಾತ್ರಿ ನೆರೆಯವರಿಗೆ ತೊಂದರೆಯಾಗದಿರಲೆಂದು ಅವನು ಸ್ಪೀಕರಿನ ತಂತಿಯನ್ನು ಕೀಳಹೋದ. ಎಂದೂ ಗದರದ ಮಾವ ಗದರಿಬಿಟ್ಟರು. ಸ್ಪೀಕರಿನ ಹೊರೆಯಿಲ್ಲದೆ ಇಂಥ ಆಂಪ್ಲಿಫೈಯರನ್ನು ನುಡಿಸಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಹುಡುಗನ ಮುಖ ಬಾಡಿತು. ಕಡೆಗೆ ಮಾವನವರೇ ಆಂಪ್ಲಿಫೈಯರನ್ನು ಆರಿಸಿ, ಹೆಡ್‌ಫೋನನ್ನು ಮಾಡೆಲರಿಗೇ ಸಿಕ್ಕಿಸಿ, ಸ್ಪೀಕರ್ ಅನುಕರಣೆಯನ್ನು ಮತ್ತೆ ಹಾಕಿಸಿದರು.

ನಾನು ಮಲಗಹೋಗುವಾಗ ಹೆಡ್‌ಫೋನು ಮಾವನ ಕಿವಿಯಲ್ಲಿತ್ತು, ಮಗ ನುಡಿಸುತ್ತಿದ್ದ.