ನಿಡೋಣಿಯಾಗ ಕೂತು ಮೆಮೊರಿ ಖಾಲಿ ಮಾಡಿಸೋದು

ಓಡ್ತಿರೋ ಸರ್ವರಿಗೆ ಮೆಮೊರಿ ಸೇರಿಸೋದು ಸುಲಭ. ಲಿನಕ್ಸ್ ಕರ್ನಲ್ ಮರುಮಾತಾಡದೆ ಒಪ್ಕೊಳ್ಳುತ್ತೆ. ವಾಪಸ್ ಕೇಳಿದಾಗ ತಕರಾರು ಶುರು, ಯಾಕಂದ್ರೆ ಅಷ್ಟೊತ್ತಿಗೆ ಅಲ್ಲಿ ಯಾರೋ ಸಂಸಾರ ಹೂಡಿರ್ತಾರೆ.

ಕರ್ನಲ್ ಮೆಮೊರಿಯನ್ನ 4 ಕೆಬಿ ಪುಟಗಳಾಗಿ ಹಂಚುತ್ತೆ. ದೊಡ್ಡ ಡೇಟಾಬೇಸಿಗೆ ಇದು ಚಿಲ್ಲರೆ ಲೆಕ್ಕ. ಯಾವ ಪುಟ ಎಲ್ಲಿದೆ ಅಂತ ಪ್ರೊಸೆಸರ್ ನೆನಪಿಟ್ಟುಕೊಳ್ಳೋ ಪಟ್ಟಿ, ಅಂದ್ರೆ ಟಿಎಲ್‌ಬಿ, ತುಂಬಾ ಸಣ್ಣದು. ಅದಕ್ಕೇ 2 ಎಂಬಿಯ ಹ್ಯೂಜ್ ಪೇಜ್: 512 ಸಣ್ಣ ಪುಟಗಳ ಜಾಗಕ್ಕೆ ಒಂದೇ ನಮೂದು. ಷರತ್ತು ಒಂದೇ, ಜಾಗ ಒಂದೇ ಪಟ್ಟಾಗಿರಬೇಕು, ಮಧ್ಯೆ ತುಂಡಾಗಿರಬಾರದು.

ಹೋದ ಬೇಸಿಗೆಯಲ್ಲಿ ಊರಿಂದಲೇ ಕೆಲಸ ಮಾಡ್ತಿದ್ದಾಗ ಒಂದು 128 ಎಂಬಿ ಬ್ಲಾಕ್ ಆಫ್‌ಲೈನ್ ಆಗಲೊಲ್ಲದು. ಅದರ ಮೇಲೆ ಕೂತದ್ದು ಹಣ ಪಾವತಿಯ ಡೇಟಾಬೇಸ್, ನಿಲ್ಲಿಸೋ ಹಾಗಿಲ್ಲ. ಫೋನಿನಲ್ಲಿ ನಾನು "ಖಾಲಿ ಆಗ್ತಿಲ್ಲ, ಖಾಲಿ ಆಗ್ತಿಲ್ಲ" ಅಂತಿದ್ದದ್ದು ಕೇಳಿ ಆಯಿ ಬಂದ್ಲು.

"ಏನ್ ಖಾಲಿ ಮಾಡ್ಸಾಕತ್ತೀಯೋ ಯಪ್ಪಾ, ಊರಾ?"

ಆಕೆಯ ತವರು ಹಳೇ ಕೊಲ್ಹಾರ. ಆಲಮಟ್ಟಿ ಹಿನ್ನೀರಿನಲ್ಲಿ ಹೋದ ಊರು. ಆಕೆಗೆ ವಿವರಿಸೋದು ಕಷ್ಟವೇ ಆಗಲಿಲ್ಲ. ಕರ್ನಲ್ ಮೊದಲು ಆ ಬ್ಲಾಕನ್ನ ಬೇರ್ಪಡಿಸುತ್ತೆ, ಅಲ್ಲಿ ಹೊಸಬರಿಗೆ ಜಾಗವಿಲ್ಲ. ಆಮೇಲೆ ಇದ್ದವರನ್ನ ಒಬ್ಬೊಬ್ಬರಾಗಿ ಬೇರೆ ಕಡೆ ನಕಲು ಮಾಡಿ ವಿಳಾಸ ತಿದ್ದುತ್ತೆ. ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ.

"ಕೂಡಿದ್ ಮನಿ ಇದ್ರ?" ಅಂದ್ಲು.

ಪ್ರಶ್ನೆ ಅಂದ್ರೆ ಇದು! ಕೂಡಿದ ಮನೆ ಎರಡು ಥರ. ಕರ್ನಲ್ ತಾನೇ ಕೂಡಿಸಿದ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಆದ್ರೆ, ಪಟ್ಟಾದ ಜಾಗ ಸಿಗದಿದ್ದಾಗ ಅದನ್ನ 512 ಹೋಳು ಮಾಡಿ ಸಿಕ್ಕಸಿಕ್ಕಲ್ಲಿ ಇಡುತ್ತೆ. ವೇಗ ಕಮ್ಮಿಯಾಗುತ್ತೆ, ಜೀವ ಹೋಗಲ್ಲ. ಅಡ್ಮಿನ್ ಮೊದಲೇ ಕಾಯ್ದಿರಿಸಿದ ಹ್ಯೂಜ್‌ಟಿಎಲ್‌ಬಿ ಪುಟವನ್ನ ಮಾತ್ರ ಹೀಗೆ ಒಡೆದು ಸಾಗಿಸೋ ಹಾಗಿಲ್ಲ. ಇನ್ನೊಂದು ಇಡೀ 2 ಎಂಬಿ ಸಿಗಲೇಬೇಕು. 2013ರ 3.12 ಆವೃತ್ತಿಗೂ ಮುಂಚೆ ಹಾಟ್ ಅನ್‌ಪ್ಲಗ್‌ನಲ್ಲಿ ಇವನ್ನ ಸಾಗಿಸೋ ವ್ಯವಸ್ಥೆಯೇ ಇರಲಿಲ್ಲ.

"ನಮ್ಮನ್ನ ಮೊದಲ್ನೇ ಥರ ಮಾಡಿದ್ರು," ಅಂದ್ಲು ಆಯಿ. ಅಣ್ಣತಮ್ಮಂದಿರಿಗೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಪ್ಲಾಟ್ ಬಂದಿತ್ತು.

ಯಾರೂ ಬಳಸದೆ ಖಾಲಿ ಬಿದ್ದಿರೋ ಹ್ಯೂಜ್‌ಟಿಎಲ್‌ಬಿ ಪುಟವನ್ನ ಕರ್ನಲ್ ಕರಗಿಸಿಬಿಡುತ್ತೆ, ಅಡ್ಮಿನ್ ಇಟ್ಟ ಲೆಕ್ಕ ಅಷ್ಟು ಕಮ್ಮಿಯಾಗುತ್ತೆ. ಕೇಳದೇ ಹೀಗೆ ಮಾಡೋದು ನನಗಂತೂ ಸರಿ ಕಾಣಲ್ಲ. ಯಾರಿಗಾದ್ರೂ ಮಾತು ಕೊಟ್ಟ ಪುಟವಾದ್ರೆ ಮುಟ್ಟಲ್ಲ, ಅಷ್ಟು ನಿಯತ್ತಿದೆ.

ನನ್ನ ಬ್ಲಾಕಿನಲ್ಲಿದ್ದದ್ದು ಎರಡನೇ ಥರದ್ದು. ಸರ್ವರಿನಲ್ಲಿ ಜಿಬಿಗಟ್ಟಲೆ ಖಾಲಿ ಇತ್ತು, ಆದ್ರೆ ಎಲ್ಲ ಚೂರುಚೂರು. ಕರ್ನಲ್ ಸೋಲೊಪ್ಪದೆ ಯತ್ನಿಸ್ತಾನೇ ಇತ್ತು. ನಾವು ಸಿಗ್ನಲ್ ಕಳಿಸಿ ನಿಲ್ಲಿಸೋವರೆಗೂ ಅದು ಹಾಗೇ. ಕಂಟ್ರೋಲ್-ಸಿ ಒತ್ತಿ, ಕಂಪ್ಯಾಕ್ಷನ್ ಓಡಿಸಿದೆ: ಚದುರಿದ ಸಣ್ಣ ಪುಟಗಳನ್ನ ಒಂದು ಬದಿಗೆ ಸರಿಸೋ ಕೆಲಸ. ಮತ್ತೆ ಕಮಾಂಡ್ ಕೊಟ್ಟಾಗ ಬ್ಲಾಕ್ ಆಫ್‌ಲೈನ್ ಆಯ್ತು. ಪಾವತಿ ಒಂದೂ ನಿಲ್ಲಲಿಲ್ಲ.

ಕರ್ನಲ್ ತನಗೇ ಅಂತ ಹಿಡಿದ ಪುಟಗಳೇನಾದ್ರೂ ಅಲ್ಲಿದ್ದಿದ್ರೆ ಈ ಉಪಾಯವೂ ನಡೀತಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಕದಲಲ್ಲ. ಅದೇ ಸರ್ವರಿಗೆ ಮತ್ತೆ ಮೆಮೊರಿ ಸೇರಿಸೋದಿದೆ. ಮುಂದೆ ವಾಪಸ್ ಕೇಳೋದನ್ನೆಲ್ಲ ಮೊದಲ ದಿನವೇ ಮೂವಬಲ್ ಝೋನಿಗೆ ಹಾಕಿ ಅಂತ ಟಿಕೆಟ್‌ನಲ್ಲಿ ಬರೆದಿಟ್ಟಿದ್ದೀನಿ.